ಎರಡನೇ ಮೈಲಿಯ ಕೂಗು

"ಮೆಲ್ಲಗೆ ಕಣ್ರೋ! ಇದು ರೇಸಲ್ಲ, ಹೆಣ!" ಅಂತ ಕೋಚ್ ಹಾಲ್ವರ್ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ.

ಶವಪೆಟ್ಟಿಗೆ ಹಿಡಿದ ಆರೂ ಹುಡುಗರು ಶಾಲೆಯ ಗುಡ್ಡಗಾಡು ಓಟದವರು. ಗಾಳಿ ಬೀಸಿದರೆ ಹಾರಿಹೋಗುವಂಥ ಮೈ, ಅದರ ಮೇಲೆ ಅಪ್ಪಂದಿರ ಕೋಟು. ಚರ್ಚಿನ ಹಿಂದಿನ ಏರು ಕಂಡದ್ದೇ ತಡ, ಕಾಲುಗಳು ತಾವಾಗಿಯೇ ಚುರುಕಾದವು. ಪಾದ್ರಿಗಳು ಹಿಂದುಳಿದು ಏದುಸಿರು ಬಿಡುತ್ತಿದ್ದರು.

ಅವರಲ್ಲಿ ಡಾರಿನ್‌ನ ಹೆಜ್ಜೆ ಮಾತ್ರ ಭಾರವಾಗಿತ್ತು. ಪೆಟ್ಟಿಗೆಯಲ್ಲಿ ಮಲಗಿದ್ದ ಲೊವೆಲ್ ಬ್ರಾಂಡ್‌ವೋಲ್ಡ್ ಅಮೆರಿಕದ ಐಯೋವಾದ ಈ ಪುಟ್ಟ ಊರಿನಲ್ಲಿ ನಲವತ್ತು ವರ್ಷ ಅಂಚೆ ಹಂಚಿದವರು. ಊರಿನ ಲೆಕ್ಕದಲ್ಲಿ ಅವರ ಹೆಚ್ಚುಗಾರಿಕೆ ಒಂದೇ: ಹೈಸ್ಕೂಲಿನ ಮೂರು ಮೈಲಿ ದಾಖಲೆ ನಲವತ್ತೆಂಟು ವರ್ಷ ಅವರ ಹೆಸರಿನಲ್ಲಿತ್ತು. ಅದನ್ನು ಡಾರಿನ್ ಮುರಿದ. ಹದಿನೇಳನೇ ದಿನಕ್ಕೆ ಲೊವೆಲ್ ಕಣ್ಣು ಮುಚ್ಚಿದರು.

"ನೀನೇ ಕೊಂದಿದ್ದು ಬಿಡು," ಅಂತ ಪಕ್ಕದ ಓವೆನ್ ಚುಡಾಯಿಸಿದ.

ಡಾರಿನ್‌ಗೆ ನಗು ಬರಲಿಲ್ಲ. ಲೊವೆಲ್ ಹೆಂಡತಿ ಮಾರ್ಲಿಸ್‌ಗೆ ಹೇಗೆ ಮುಖ ತೋರಿಸಲಿ ಎಂಬ ಅಳುಕೇ ಅವನನ್ನು ತಿನ್ನುತ್ತಿತ್ತು.

* * *

ಪ್ರತಿ ರೇಸಿನಲ್ಲೂ ಲೊವೆಲ್ ಎರಡನೇ ಮೈಲಿಯ ಓಕ್ ಮರದ ಕೆಳಗೆ ಗಡಿಯಾರ ಹಿಡಿದು ನಿಂತು, ಓಡಿ ಬರುವವರಿಗೆ ಸಮಯ ಕೂಗುತ್ತಿದ್ದರು. ದಾಖಲೆ ಮುರಿದ ಆ ದಿನ ಡಾರಿನ್ ಉಳಿದವರನ್ನೆಲ್ಲ ಹಿಂದೆ ಹಾಕಿ ಒಬ್ಬನೇ ಬಂದ.

"ಎಂಟು ಸೆಕೆಂಡ್ ಹಿಂದಿದ್ದೀಯೋ! ನನ್ನ ದಾಖಲೆ ನಿಮ್ಮಪ್ಪನ ಕೈಲೂ ಆಗ್ಲಿಲ್ಲ, ಹೋಗಿ ಹಾಲು ಕುಡಿ!"

ಡಾರಿನ್‌ಗೆ ಮೈಯೆಲ್ಲ ಉರಿದುಹೋಯಿತು. ಜೋಳದ ಹೊಲದ ಪಕ್ಕದ ಏರನ್ನು ಹಲ್ಲು ಕಚ್ಚಿ ಹತ್ತಿದ. ಕೊನೆಯ ಇಳಿಜಾರಿನಲ್ಲಿ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. ಗೆರೆ ದಾಟಿ ಹುಲ್ಲಿನ ಮೇಲೆ ಬಿದ್ದಾಗ ಕೋಚ್ ಹುಚ್ಚನಂತೆ ಕುಣಿಯುತ್ತಿದ್ದ. ಹದಿನಾಲ್ಕು ನಿಮಿಷ, ನಲವತ್ತೊಂಬತ್ತು ಸೆಕೆಂಡು. ಹಳೆಯದಕ್ಕಿಂತ ಹದಿನೈದು ಸೆಕೆಂಡು ಕಡಿಮೆ!

ಲೊವೆಲ್ ನಿಧಾನವಾಗಿ ಬಂದು ಕೈಕುಲುಕಿದರು. ಒಂದು ಮಾತೂ ಆಡದೆ ಹೊರಟುಹೋದರು.

* * *

ಮಣ್ಣು ಮುಗಿದು ಚರ್ಚಿನಲ್ಲಿ ಊಟವೂ ಆದಮೇಲೆ ಮಾರ್ಲಿಸ್ ಡಾರಿನ್‌ನನ್ನೇ ಹಿಡಿದಳು. ಊಟದಲ್ಲಿ ಉಳಿದ ಹಣ್ಣಿನ ಪೈಗಳನ್ನು ಹೊತ್ತು ಅವನು ಅವಳ ಅಡುಗೆಮನೆಗೆ ಬಂದ.

"ನಾನೊಂದು ಕೇಳ್ಬೇಕಿತ್ತು," ಎಂದ. "ಸ್ಕೂಲಿನ ಜಿಮ್ಮಲ್ಲಿ ಗೋಡೆ ಮೇಲೆ ಅವರ ದಾಖಲೆಯ ಹಿತ್ತಾಳೆ ತಗಡು ಇತ್ತಲ್ಲ, ಅದನ್ನ ವಾಪಸ್ ಹಾಕ್ಸೋಣ ಅಂತ ಕೋಚ್ ಹತ್ರ ಹೇಳ್ಲಾ? ಅವರಿಗೆ ತುಂಬ ನೋವಾಯ್ತು ಅನ್ಸುತ್ತೆ. ಅವತ್ತು ಮಾತೇ ಆಡ್ಲಿಲ್ಲ."

"ಬಾಯಿ ಬಿಟ್ಟಿದ್ರೆ ಅತ್ತುಬಿಡ್ತಿದ್ರು ಕಣೋ. ಕಾರು ಹತ್ತಿ ಅತ್ರು. ಆಮೇಲೆ ಮನೆಗೆ ಬಂದು ಅರ್ಧ ಪೈ ತಿಂದ್ರು."

"ಎಂಟು ಸೆಕೆಂಡ್ ಹಿಂದೆ ಅಂತ ಬೈದಿದ್ರು..."

"ಹಿಂದೆ ಎಲ್ಲಿ? ನೀನು ಐದು ಸೆಕೆಂಡ್ ಮುಂದಿದ್ದೆ! ಪಕ್ಕದಲ್ಲೇ ನಿಂತಿದ್ದೆ ನಾನು, ಗಡಿಯಾರ ನೋಡಿಲ್ವಾ? 'ಯಾಕ್ರೀ ಸುಳ್ಳು ಹೇಳಿದ್ರಿ?' ಅಂದೆ. 'ಮುಂದಿದ್ದೀಯ ಅಂದ್ರೆ ಹುಡುಗ ಆರಾಮಾಗಿ ಓಡ್ತಾನೆ ಕಣೇ, ಸುಮ್ನಿರು' ಅಂದ್ರು."

ಡಾರಿನ್ ಕೈಲಿದ್ದ ಪೈಗಳನ್ನು ಮೇಜಿನ ಮೇಲಿಟ್ಟ.

"ಹದಿನೆಂಟನೇ ವಯಸ್ಸಲ್ಲಿ ಮಾಡಿದ ಕಾಲು ಗಂಟೆ ಕೆಲ್ಸ," ಎಂದಳು ಮಾರ್ಲಿಸ್. "ಜೀವಮಾನವೆಲ್ಲ ಜನ ಅದನ್ನೇ ಕೇಳಿದ್ರು. ಹಿಮದಲ್ಲಿ ಮನೆಮನೆಗೆ ಕಾಗದ ಕೊಟ್ಟಿದ್ದನ್ನ ಒಬ್ರೂ ಕೇಳ್ಲಿಲ್ಲ. ಯಾವನಾದ್ರೂ ಮುರೀಲಪ್ಪ ಅಂತ ಕಾಯ್ತಿದ್ರು."

"ಹಾಗಾದ್ರೆ ಆ ತಗಡು?"

"ಕೋಚ್ ತಂದುಕೊಟ್ಟ. ಇವ್ರು ಅದಕ್ಕೊಂದು ಕೆಲ್ಸ ಹಚ್ಚಿದ್ರು. ಮೇಜಿನ ಕೆಳಗೆ ಬಗ್ಗಿ ನೋಡು. ತೆಗೆದೀಯ, ಜೋಕೆ!"

ಡಾರಿನ್ ಬಗ್ಗಿದ. ಮೇಜಿನ ಮೋಟು ಕಾಲಿನ ಕೆಳಗೆ, ಎರಡಾಗಿ ಮಡಚಿ ಬಡಿದ ಹಿತ್ತಾಳೆಯಲ್ಲಿ 'ಲೊವೆಲ್' ಎಂಬಷ್ಟು ಮಾತ್ರ ಹೊರಗೆ ಹೊಳೆಯುತ್ತಿತ್ತು. ಮೇಲೆ ಮಾರ್ಲಿಸ್ ಎರಡೂ ಮೊಣಕೈ ಊರಿ ಪೈ ಕತ್ತರಿಸುತ್ತಿದ್ದಳು. ಮೇಜು ಒಂದಿಷ್ಟೂ ಅಲುಗಲಿಲ್ಲ.