ಬಣ್ಣ ಖಾಲಿಯಾದ ದಿನ

ನಾನು ಸೂಕ್ಷ್ಮದರ್ಶಕದ ಚಿಕ್ಕ ಮಸೂರ. ಅಂಬಾಲದ ಕಾರ್ಖಾನೆಯೊಂದರಲ್ಲಿ ಗಾಜು ತೇಯ್ದು ನನ್ನನ್ನೂ ನನ್ನ ಅಣ್ಣನನ್ನೂ ಒಂದೇ ಯಂತ್ರಕ್ಕೆ ಕೂರಿಸಿದರು. ನಾನು ಸ್ವಲ್ಪವೇ ಹಿಗ್ಗಿಸಿ ಅಗಲವಾಗಿ ತೋರಿಸುತ್ತೇನೆ. ಅಣ್ಣ ಎಣ್ಣೆಹನಿಯಲ್ಲಿ ಮೂತಿ ಅದ್ದಿ, ಸಾಸಿವೆಯಷ್ಟು ಜಾಗವನ್ನು ಭಾರಿಯಾಗಿ ಹಿಗ್ಗಿಸುತ್ತಾನೆ.

ಕಾಡಂಚಿನ ತಾಲ್ಲೂಕು ಆಸ್ಪತ್ರೆಗೆ ಬಂದ ಮೇಲೆ ಕೆಲಸವೆಲ್ಲ ಅಣ್ಣನದೇ. ಯಾರು ಕೆಮ್ಮಿದರೂ ಕ್ಷಯದ ಅನುಮಾನ. ಕಫವನ್ನು ಗಾಜಿಗೆ ಸವರಿ, ಕೆಂಪು ಬಣ್ಣ ಹಾಕಿ ಕಾಯಿಸಿ, ಆಮ್ಲದಲ್ಲಿ ತೊಳೆದು ಅಣ್ಣನ ಕೆಳಗಿಡುತ್ತಿದ್ದರು. ನನ್ನನ್ನು ಕೇಳುವವರಿಲ್ಲ. ಹೊಟ್ಟೆಕಿಚ್ಚು ಅನ್ನುತ್ತೀರಾ? ಅನ್ನಿ. ನನ್ನ ಸಿಟ್ಟಿಗೆ ಬೇರೆ ಕಾರಣವಿದೆ. ಅವಳ ಹೆಸರು ಪುಟ್ಟಮಾದಿ.

ಪುಟ್ಟಮಾದಿ ಹಸುಗೂಸಿನ ತಾಯಿ. ತುಕ್ಕಿನ ಬಣ್ಣದ ಕಫ ಉಗುಳುತ್ತಿದ್ದಳು. ಅಣ್ಣನಿಗೆ ಏನೂ ಕಾಣಲಿಲ್ಲ. ಆದರೂ ಎಕ್ಸ್‌ರೇಯಲ್ಲಿ ಕಲೆಯಿದೆ ಎಂದು ಕ್ಷಯದ ಮಾತ್ರೆ ಕೊಟ್ಟರು. ಕೆಮ್ಮು ನಿಲ್ಲಲಿಲ್ಲ, ಇನ್ನೊಂದು ಸುತ್ತು ಕೊಟ್ಟರು. ಅಷ್ಟರಲ್ಲಿ ಅತ್ತೆ ಮಗುವನ್ನು ಕಿತ್ತುಕೊಂಡು, ಅವಳ ತಟ್ಟೆ ಚಾಪೆಗಳನ್ನು ಕೊಟ್ಟಿಗೆಗೆ ಹಾಕಿದ್ದಳು. ಎದೆಹಾಲು ಬತ್ತಿಹೋಯಿತು. ಅತ್ತೆಯನ್ನು ಬೈದು ಏನು ಫಲ? ಸೊಸೆಗೆ ಕ್ಷಯವೆಂದು ಹೇಳಿದವರು ಓದಿದವರು.

ಒಮ್ಮೆ ಕೆಂಪು ಬಣ್ಣ ಖಾಲಿಯಾಗಿ, ಜಿಲ್ಲೆಯಿಂದ ಬರುವುದು ತಡವಾಯಿತು. ಲ್ಯಾಬಿನ ಇಮ್ತಿಯಾಜ್ ಸುಮ್ಮನೆ ಕೂತು ಬೇಸತ್ತು, ಪುಟ್ಟಮಾದಿಯ ಕಫವನ್ನು ಹಸಿಯಾಗಿಯೇ ಇಟ್ಟು, ಅಣ್ಣನ ಬದಲು ನನ್ನನ್ನು ಅದರ ಮೇಲಕ್ಕೆ ತಿರುಗಿಸಿದ. ಹೊಂಬಣ್ಣದ ಮೊಟ್ಟೆಗಳು ಕಂಡವು, ಮುಚ್ಚಳ ಹಾಕಿದ ಗಡಿಗೆಗಳ ಹಾಗೆ. ಅವನಿಗೆ ಅರ್ಥವಾಗದೆ ಡಾಕ್ಟರ್ ಅನಸೂಯರನ್ನು ಕರೆತಂದ. ಅವರು ಇಣುಕಿ ಗುರುತು ಹಿಡಿದರು. ಅವು ಶ್ವಾಸಕೋಶದ ಹುಳುವಿನ ಮೊಟ್ಟೆಗಳು. ಕಾಯಿಸಿ ಆಮ್ಲದಲ್ಲಿ ತೊಳೆದಾಗಲೆಲ್ಲ ಅವೇ ಹಾಳಾಗುತ್ತಿದ್ದವು.

ಅವರು ಪುಟ್ಟಮಾದಿಯನ್ನು ಕರೆಸಿ, ಅದುವರೆಗೆ ಯಾರೂ ಕೇಳದ ಮಾತು ಕೇಳಿದರು. "ಹಳ್ಳದ ಏಡಿ ತಿಂತೀಯಾ?"

"ಊಂ ಕಣವ್ವಾ. ನೆಗಡಿ ಕೆಮ್ಮಿಗೆ ಒಳ್ಳೇದು ಅಂತ ಅತ್ತೆಮ್ಮ ಕೆಂಡದಲ್ಲಿ ಸುಟ್ಟು ಕೊಡ್ತಳೆ. ಪೂರಾ ಬೆಂದ್ರೆ ಗುಣ ಹೊಂಟೋಯ್ತದಂತೆ."

"ಆ ಅರೆಬೆಂದ ಏಡಿಯಿಂದಲೇ ಹುಳ ಬಂದಿರೋದು. ಕೆಲವು ದಿನ ಮಾತ್ರೆ ತಗೊಂಡ್ರೆ ಹೋಗುತ್ತೆ. ಇದು ಟಿ.ಬಿ. ಅಲ್ಲ, ಯಾರಿಗೂ ಅಂಟಲ್ಲ."

ಪುಟ್ಟಮಾದಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹಂಗಾರೆ ಮಗೀನ ಎತ್ಕೋಬೋದಾ?"

ಎತ್ತಿಕೊಂಡಳಂತೆ. ಮಗು ಗುರುತು ಸಿಗದೆ ಅತ್ತು, ಅಜ್ಜಿಯತ್ತ ಕೈ ಚಾಚಿತಂತೆ. ಇಮ್ತಿಯಾಜ್ ಹೇಳುವುದನ್ನು ಕೇಳಿದೆ.

ಮರುವಾರ ಬಣ್ಣದ ಬಾಟಲಿಗಳು ಬಂದವು. ಅಣ್ಣ ಮತ್ತೆ ಎಣ್ಣೆ ಹಚ್ಚಿಕೊಂಡ, ನಾನು ಮತ್ತೆ ಮೂಲೆಗೆ.

ಈಗ ಇಬ್ಬರೂ ಕಪಾಟು ಸೇರಿದ್ದೇವೆ. ಕ್ಷಯ ಇದೆಯೋ ಇಲ್ಲವೋ ಎಂದು ತಾನೇ ಹೇಳುವ ಹೊಸ ಯಂತ್ರ ಬಂದಿದೆ. ಅದು ಇಲ್ಲ ಎಂದರೆ, ಮತ್ತೇನಿದೆ ಎಂದು ಯಾರೂ ಕೇಳುವುದಿಲ್ಲ. ಹೊರಗೆ ಬೆಂಚಿನ ಮೇಲೆ ಯಾರೋ ಹೆಂಗಸು ಕೆಮ್ಮುತ್ತಿದ್ದಾಳೆ. ಏನು ತಿಂದೆ ಎಂದು ಅವಳನ್ನೊಮ್ಮೆ ಕೇಳಿ, ನನ್ನನ್ನೊಮ್ಮೆ ತಿರುಗಿಸಿ. ಅದಕ್ಕೂ ಏನಾದರೂ ಖಾಲಿಯಾಗಲೇಬೇಕೇ?