ಕೋಟಿನ ಮಾವ ಹೇಳದ ಮಾತು

ತಗಡಿನ ಶೆಡ್ಡುಗಳ ಸಾಲಿನಲ್ಲಿ ಶಾಲೆಯ ಶೆಡ್ಡಿಗೆ ಮಾತ್ರ ಫ್ಯಾನಿತ್ತು. ಭೂಕಂಪದ ನಂತರ ಪುಣೆಯ ಕಡೆಯಿಂದ ಬಂದವರು ಕೊಟ್ಟುಹೋದ ಕಪ್ಪು-ಬಿಳುಪು ಟೀವಿಯೂ ಅಲ್ಲೇ ಇತ್ತು. ಚೈತ್ರದ ಬಿಸಿಲಿಗೆ ತಗಡು ಕಾದು, ಮನೆ ಎಂದುಕೊಂಡ ಜಾಗದಲ್ಲಿ ಕೂರಲಾಗದೆ ಹೆಂಗಸರು ಮಧ್ಯಾಹ್ನ ಅಲ್ಲಿಗೆ ಬರುತ್ತಿದ್ದರು. ಆ ಹೊತ್ತಿಗೆ ಟೀವಿಯಲ್ಲಿ ಕಾಲೇಜಿನವರಿಗೆಂದು ಇಂಗ್ಲಿಷಿನ ಪಾಠ. ಆ ತಿಂಗಳು ಯುರೋಪಿನ ಚಿತ್ರ, ಶಿಲ್ಪ, ಚರ್ಚುಗಳ ಚರಿತ್ರೆ. ಕೋಟು ತೊಟ್ಟ ಬಿಳಿಯ ಮುದುಕನೊಬ್ಬ ಕಲ್ಲುಗಳ ನಡುವೆ ನಡೆಯುತ್ತ ಮಾತಾಡುತ್ತಿದ್ದ. ಹೆಂಗಸರು ಅವನನ್ನು ಕೋಟಿನ ಮಾವ ಎಂದು ಕರೆಯುತ್ತಿದ್ದರು. ಅವನ ಮಾತನ್ನು ಕನ್ನಡದಲ್ಲಿ ಹೇಳುವುದು ಶಕುಂತಲಾಬಾಯಿಯ ಕೆಲಸ. ಕಲಬುರಗಿಯಲ್ಲಿ ಬಿ.ಎ. ಮುಗಿಸಿ ಮಹಾರಾಷ್ಟ್ರದ ಗಡಿಯ ಉಮರ್ಗಾದ ಈ ಸೀಮೆಗೆ ಸೊಸೆಯಾಗಿ ಬಂದು ಅವರಿಗೆ ನಲವತ್ತು ವರ್ಷವಾಗಿತ್ತು.

ಮೈಮೇಲೆ ನೂಲೂ ಇಲ್ಲದ ಗಂಡಸಿನ ಶಿಲ್ಪ ಬಂದ ದಿನ ರಂಭಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಇಷ್ಟು ಚಂದ ಕಲ್ಲು ಕಡದಾವಗ ಒಂದು ಧೋತರ ಕಡೀಲಾಕ ಬರಲಿಲ್ಲೇನ?" ಎಂದಿದ್ದಳು. ಭೂಕಂಪದ ನಂತರ ಅಷ್ಟು ಜನ ಒಟ್ಟಿಗೆ ನಕ್ಕದ್ದು ಅದೇ ಮೊದಲು. ನಗದೆ ಉಳಿದವಳು ಪ್ರಯಾಗಬಾಯಿ ಒಬ್ಬಳೇ. ಹಿಂದೆ ಗೋಡೆಗೆ ಒರಗಿ, ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು, ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳು. ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ. ಆದರೆ ಫ್ಯಾನಿನ ನೇರಕ್ಕಿದ್ದ ಆ ಜಾಗವನ್ನು ಎಲ್ಲರೂ ಅವಳಿಗೇ ಬಿಡುತ್ತಿದ್ದರು.

ಗಣಪತಿಯನ್ನು ಕಳಿಸಿ ಮಲಗಿದ ರಾತ್ರಿ ಭೂಮಿ ನಡುಗಿದಾಗ ಅವಳ ಹದಿನೇಳರ ಮಗಳು ಮೀನಲ ಗೋಡೆಯಡಿ ಸಿಕ್ಕಿ ಸತ್ತಿದ್ದಳು. ಅವರ ಮನೆಯಲ್ಲಿ ಸತ್ತವರನ್ನು ಪದ್ಮಾಸನದಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆಗಳೊಡನೆ ಮಣ್ಣು ಮಾಡುವುದು ವಾಡಿಕೆ. ಮೀನಲಳಿಗೆ ಅದಾಗಲಿಲ್ಲ. ಮಳೆ ಹೊಡೆಯುತ್ತಿತ್ತು, ಹೆಣಗಳು ಕೆಡುತ್ತಿದ್ದವು. ಬಿದ್ದ ಮನೆಗಳ ತೊಲೆ, ಬಾಗಿಲು ಒಟ್ಟಿ, ಸೀಮೆಎಣ್ಣೆ ಸುರಿದು, ಎಲ್ಲರನ್ನೂ ಒಟ್ಟಿಗೆ ಸುಟ್ಟರು. ಅವಳ ಅಪ್ಪ ಕಾಶೆಪ್ಪನೇ ಮಗಳನ್ನು ಎತ್ತಿ ಮಿಲಿಟರಿಯವರ ಕೈಗೆ ಕೊಟ್ಟಿದ್ದ. ಎರಡು ತಿಂಗಳ ನಂತರ ಮಣ್ಣು ಜರಡಿ ಹಿಡಿಯುವಾಗ ಅವಳ ಇಷ್ಟಲಿಂಗ ಸಿಕ್ಕಿತು, ಅದನ್ನಿಟ್ಟು ಕೊರಳಿಗೆ ಕಟ್ಟುವ ಬೆಳ್ಳಿ ಕರಡಿಗೆ ಚಪ್ಪಟೆಯಾಗಿತ್ತು. ಕಾಸಾರಶಿರಸಿಯ ಮಠದ ಅಯ್ಯನವರು ಹೊಳೆಗೆ ಬಿಡಿ ಎಂದರು. ಪ್ರಯಾಗಬಾಯಿ ಬಿಡಲಿಲ್ಲ. ಹೊಲದಲ್ಲಿ ಒಂದು ಕುಣಿ ತೆಗೆದು ಅದರಲ್ಲಿ ಇಡೋಣ ಎಂದು ಗಂಡನನ್ನು ಬೇಡಿಕೊಂಡಳು. ಹೆಣವಿಲ್ಲದ ಕುಣಿ ಎಲ್ಲಿಯಾದರೂ ಉಂಟೇ ಎಂದು ಕಾಶೆಪ್ಪ ಆ ಮಾತನ್ನೇ ಮುಚ್ಚಿಹಾಕಿದ್ದ. ಲಿಂಗ ಬೇಳೆಯ ಡಬ್ಬಿಯೊಳಗೆ ಉಳಿಯಿತು.

ಆ ಮಧ್ಯಾಹ್ನ ಟೀವಿಯಲ್ಲಿ ಚರ್ಚಿನೊಳಗಿನ ಗೋರಿಗಳು ಬಂದವು. ಕಲ್ಲಿನ ಗಂಡ, ಕಲ್ಲಿನ ಹೆಂಡತಿ, ಕೈ ಮುಗಿದು ಅಂಗಾತ ಮಲಗಿದ್ದರು. ಹಿಂದಿನಿಂದ ಪ್ರಯಾಗಬಾಯಿಯ ದನಿ ಬಂತು. ಇವರು ಸತ್ತವರೇನು ಎಂದು ಕೇಳಿದಳು. ಹೌದು ಎಂದರು ಶಕುಂತಲಾಬಾಯಿ.

"ಮಲಗಿಸ್ಯಾರಲ್ಲ, ಅಕ್ಕಾ."

"ಅವರಲ್ಲಿ ಹಂಗೇ ಪದ್ಧತಿ."

ಮುಂದೆ ಇನ್ನೊಂದು ಗೋರಿ. ಸುತ್ತ ಬಳ್ಳಿ, ಹೂ, ಮಕ್ಕಳ ಮುಖಗಳ ಕೆತ್ತನೆ. ಕೋಟಿನ ಮಾವ ಅದರ ಮೇಲೆ ಕೈಯಾಡಿಸುತ್ತ ಒಂದಿಷ್ಟು ಹೇಳಿದ. ಒಳಗೆ ಯಾರಿದ್ದಾರೆ ಎಂದು ಪ್ರಯಾಗಬಾಯಿ ಮತ್ತೆ ಕೇಳಿದಳು. ಅವನು ಹೇಳಿದ್ದು ಇಷ್ಟೇ: ಒಬ್ಬ ಸಿರಿವಂತ ಬದುಕಿದ್ದಾಗಲೇ ಮೆರೆಯಲು ಇದನ್ನು ಮಾಡಿಸಿದ, ದೂರ ದೇಶದ ಯುದ್ಧದಲ್ಲಿ ಸತ್ತ, ಹೆಣ ಬರಲಿಲ್ಲ, ಗೋರಿ ಖಾಲಿ ಉಳಿಯಿತು. ಶಕುಂತಲಾಬಾಯಿ ತಿರುಗಿ ನೋಡಿದರು. ಮೊರದ ಮೇಲೆ ಪ್ರಯಾಗಬಾಯಿಯ ಕೈ ನಿಂತಿತ್ತು. ಶಕುಂತಲಾಬಾಯಿಯ ಮನೆಯೂ ಬಿದ್ದಿತ್ತು, ಆದರೆ ಮನೆಯವರೆಲ್ಲ ಉಳಿದಿದ್ದರು. ಪ್ರಯಾಗಬಾಯಿಯ ಮುಂದೆ ಅದು ಅವರಿಗೆ ಯಾವಾಗಲೂ ತಪ್ಪು ಮಾಡಿದಂತೆ ಅನ್ನಿಸುತ್ತಿತ್ತು.

"ಒಳಗ ಯಾರೂ ಇಲ್ಲ. ಮಗ ದೂರ ಸತ್ತ, ಹೆಣ ಸಿಗಲಿಲ್ಲ. ಅವ್ವನ ಜೀವಕ್ಕ ಸಮಾಧಾನ ಆಗ್ಲಿ ಅಂತ ಖಾಲಿದೇ ಕಟ್ಟಿದ್ರಂತ. ಅವರ ಗುರುಗಳೂ ಬ್ಯಾಡ ಅನಲಿಲ್ಲಂತ," ಎಂದರು.

ಪ್ರಯಾಗಬಾಯಿ ಮೊರವನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಕಾಶೆಪ್ಪ ಶಕುಂತಲಾಬಾಯಿಯ ಶೆಡ್ಡಿನ ಮುಂದೆ ಬಂದು ನಿಂತ. ಕೈಯಲ್ಲಿ ಸಲಿಕೆಯಿತ್ತು. ಕೂತುಕೋ ಎಂದರೆ ಕೂರಲಿಲ್ಲ, ಚಹಾ ಬೇಡವೆಂದ.

"ಅಕ್ಕೋರ, ನೀವು ಕಲತವರು. ನಮ್ಮಾಕಿ ಹೇಳಿದ್ಳು, ಖಾಲಿ ಗೋರಿ ಕಟ್ಟಿದ್ರು ಅಂತ ಟೀವ್ಯಾಗ ಅಂದದ್ದು ಖರೇ ಏನ್ರಿ? ಖರೇ ಇದ್ರ ಅಗೀತೀನಿ. ಸುಳ್ಳಿದ್ರ ಈಗೇ ಹೇಳ್ರಿ. ಒಮ್ಮೆ ಮಗಳನ್ನ ನನ್ನ ಕೈಯಾರ ಕೊಟ್ಟು ಬಂದೀನಿ. ಇನ್ನೊಮ್ಮೆ ಸುಳ್ಳೇ ಮಣ್ಣು ಮಾಡೋದು ನನ್ನಿಂದ ಆಗಂಗಿಲ್ಲ."

ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

"ಖರೇ ಅದ, ಕಾಶೆಪ್ಪ," ಎಂದರು.

ಗುಂಜೋಟಿ ರಸ್ತೆಯ ಬದಿಗೆ ಅವನ ಹೊಲ. ಬದುವಿನ ಬೇವಿನ ಮರದ ಕೆಳಗೆ ಅವನು ಕುಣಿ ಅಗೆದ. ಶಕುಂತಲಾಬಾಯಿ ವಿಭೂತಿ, ಪತ್ರೆ ತಂದಿದ್ದರು. ರಂಭಾಬಾಯಿ ಯಾರೂ ಹೇಳದೆ ಒಂದು ಕೊಡ ನೀರು ಹೊತ್ತು ತಂದಿಟ್ಟು, ದೂರ ಹೋಗಿ ನಿಂತಳು. ಲಿಂಗವೊಂದನ್ನು ಇಡಲು ಒಂದು ಮೊಳ ಸಾಕಿತ್ತು, ಆದರೆ ಕಾಶೆಪ್ಪ ನಿಲ್ಲಲಿಲ್ಲ. ಸೊಂಟದಾಳ ಅಗೆದು, ಮೇಲೆ ಬಂದು, ಬೆವರು ಒರೆಸಿಕೊಂಡ. ಆಗ ಪ್ರಯಾಗಬಾಯಿ ಸೀರೆ ಸಿಕ್ಕಿಸಿಕೊಂಡು ಕುಣಿಯೊಳಗೆ ಇಳಿದಳು. ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಎಡ ಅಂಗೈ ಮುಂದೆ ಚಾಚಿ ಕೂತಳು. ಕಾಶೆಪ್ಪ ನೋಡಲಾಗದೆ ಮರದ ಕಡೆ ಮುಖ ತಿರುಗಿಸಿದ.

ಶಕುಂತಲಾಬಾಯಿ ಕುಣಿಯ ಅಂಚಿನಲ್ಲಿ ಕೂತು ಎದ್ದು ಬಾ ಎಂದು ಕೈ ಚಾಚಿದರು. ಅವಳು ಆ ಕೈ ಹಿಡಿದುಕೊಂಡಳು, ಏಳಲಿಲ್ಲ. ಗಂಡನಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದಳು:

"ಅಕ್ಕಾ, ಟೀವ್ಯಾಗ ಕೋಟಿನ ಮಾವ ಬಾಯಿ ಮುಚ್ಚಿ ಬಾಗಿಲದಾಗಿಂದ ಹೊರಗ ಹೋದ. ನೀವು ಇನ್ನೂ ಹೇಳಕೋತೇ ಇದ್ರಿ. ಅಷ್ಟೆಲ್ಲಾ ಅಂವಾ ಅಂದಿರಲಿಲ್ಲ."

ಶಕುಂತಲಾಬಾಯಿ ಮರದ ಕಡೆ ನಿಂತಿದ್ದ ಕಾಶೆಪ್ಪನತ್ತ ನೋಡಿದರು.

"ಇವರಿಗಿ ಹೇಳಬ್ಯಾಡ್ರಿ," ಎಂದು ಅವಳು ಕೈ ಬಿಟ್ಟು, ತಲೆಯ ಮೇಲೆ ಅಂಗೈ ಇಟ್ಟು ಕುಣಿಯ ಅಂಚಿಗೆ ಅಳತೆ ನೋಡಿದಳು. ಆಮೇಲೆ ಗಂಡನಿಗೆ ಕೇಳುವ ಹಾಗೆ ದನಿ ಎತ್ತಿದಳು.

"ಆಕಿ ನನಗಿಂತ ಎತ್ತರ ಆಗಿದ್ಳು. ಇನ್ನ ನಾಕು ಬಟ್ಟು ಅಗೀರಿ."

ಕಾಶೆಪ್ಪ ಹೆಂಡತಿಯ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡ. ಸಲಿಕೆ ತೆಗೆದುಕೊಂಡು ಮತ್ತೆ ಕೆಳಗಿಳಿದ.