ಜೋಡುಗಂಬ

"ಮುಟ್ಟಬ್ಯಾಡ್ರಿ! ಆ ಕಾಲು ಯಾರೂ ಮುಟ್ಟಬ್ಯಾಡ್ರಿ!"

ಗುರುಸಿದ್ದ ಕೂಗಿದ ರಭಸಕ್ಕೆ, ಬಗ್ಗಿದ್ದ ವಿರೂಪಣ್ಣ ಹಾಗೇ ನಿಂತುಬಿಟ್ಟ. ಊರಲ್ಲಿ ಯಾರೇ ಸತ್ತರೂ ಹೆಣ ಕೂಡಿಸುವ ಹಿರಿಯ ಅವನು. ಇಂಥ ಕೆಲಸದ ನಡುವೆ ಅವನ ಕೈ ತಡೆದವರು ಇದುವರೆಗೆ ಯಾರೂ ಇರಲಿಲ್ಲ. ಬೂದೆಪ್ಪನ ಹೆಣಕ್ಕೆ ನೀರು ಹಾಕಿದ್ದಾಗಿತ್ತು. ಇನ್ನು ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಆನಿಸಿ ಕೂಡಿಸಬೇಕು. ಮಲ್ಲಟದ ಆ ಮನೆತನದಲ್ಲಿ ಹಿರಿಯರು ಯಾರೂ ಮಲಗಿಕೊಂಡು ಮಣ್ಣಿಗೆ ಹೋದವರಲ್ಲ. ಎಡಗಾಲು ಮಡಚಿ ಆಗಿತ್ತು. ಉಳಿದದ್ದು ಬಲಗಾಲು.

"ನಮ್ಮಣ್ಣನ ಕಾಲು ಮಡಚಂಗಿಲ್ಲ," ಗುರುಸಿದ್ದ ತನ್ನ ಸೆಟೆದ ಬಲಗಾಲನ್ನು ಎಳೆಯುತ್ತ ಬಂದು ಹೆಣಕ್ಕೆ ಅಡ್ಡ ನಿಂತ. "ಜುಲುಮಿ ಮಾಡಿದ್ರ ಮುರೀತದ. ಸತ್ತ ಮ್ಯಾಲೂ ಅವನ ಕಾಲು ಮುರೀಬೇಕೇನು? ಮಲಗಿಸೇ ಮಣ್ಣು ಕೊಡೂಣು."

"ಮಲಗಿಸಿ ಕಳಸಾಕ ಅವರೇನು ದಿಕ್ಕಿಲ್ಲದವರಾ ಸಿದ್ದಾ?" ಬೂದೆಪ್ಪನ ಹೆಂಡತಿ ಅಯ್ಯಮ್ಮ ಮೂಲೆಯಿಂದ ಅಂದಳು. "ಕುಂದ್ರಸ್ರಿ. ಇದ್ದಾಗಂತೂ ನಾಕು ಮಂದ್ಯಾಗ ಕುಂತು ಉಣ್ಣಲಿಲ್ಲ."

"ಹೊತ್ತಾದ್ರ ಮೈ ಕಟ್ಟಿಗಿ ಆಗ್ತದವ್ವ," ಎಂದು ವಿರೂಪಣ್ಣ ಬೂದೆಪ್ಪನ ಮಗಳ ಕಡೆ ತಿರುಗಿದ. "ಭಾಗ್ಯಾ, ನೀನ ಹೇಳು. ಕಾಲಿನ ಓದು ಓದಿದಾಕಿ ನೀನು."

ಭಾಗ್ಯಜ್ಯೋತಿ ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಫಿಜಿಯೋಥೆರಪಿ ಮಾಡುತ್ತಿದ್ದಳು. ಅವಳು ಅಪ್ಪನ ಮೊಣಕಾಲು ನೋಡಿದಳು, ಕಾಕಾನ ಮುಖ ನೋಡಿದಳು.

"ಕವಿತಾಳದ ಅತ್ತಿ ಬರಲಿ. ಅಲ್ಲೀತನ ತಡೀರಿ," ಅಂದಳು.

ಅತ್ತೆ ಬರೀ ನೆವ. ಸತ್ತ ದೇಹ ಮೊದಲು ದವಡೆಯಲ್ಲಿ ಬಿಗಿಯುತ್ತದೆ, ಆಮೇಲೆ ಕತ್ತು, ತೋಳು, ಕೊನೆಗೆ ಕಾಲು. ಇನ್ನೊಂದಿಷ್ಟು ಹೊತ್ತು ತಳ್ಳಿದರೆ ಅಪ್ಪನ ಮೊಣಕಾಲು ನಿಜವಾಗಿಯೂ ಬಗ್ಗುವುದಿಲ್ಲ. ಅಷ್ಟಾದರೆ ಕಾಕಾನಿಗೆ ಏನೂ ತಿಳಿಯುವುದಿಲ್ಲ. ಅಪ್ಪನ ಸುಳ್ಳನ್ನು ಸಾವು ಬಂದು ನಿಜ ಮಾಡಲಿ ಎಂದು ಕಾಯುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಗುರುಸಿದ್ದ ಅಂಗಳದಲ್ಲಿ ತಿರುಗಾಡತೊಡಗಿದ. ಒಂದು ಹೆಜ್ಜೆ ದಪ್ಪೆಂದು, ಇನ್ನೊಂದು ಸರ್ರೆಂದು. ಅಪ್ಪನ ನಡಿಗೆಯ ಸಪ್ಪಳವೂ ಥೇಟ್ ಅದೇ. ಅದು ಬಾಗಿಲ ಬಳಿ ಬಂದಾಗಲೆಲ್ಲ ಭಾಗ್ಯ ತಿರುಗಿ ನೋಡುತ್ತಿದ್ದಳು. ಅಪ್ಪ ಎದುರಿಗೇ ಮಲಗಿದ್ದಾನೆ, ಅವನ ಹೆಜ್ಜೆ ಮಾತ್ರ ಹೊರಗೆ ತಿರುಗುತ್ತಿದೆ ಅನ್ನಿಸಿ ಅವಳಿಗೆ ಹೆದರಿಕೆಯಾಯಿತು.

* * *

ಊರು ಅಣ್ಣತಮ್ಮಂದಿರನ್ನು ಜೋಡುಗಂಬ ಅಂತಲೇ ಕರೆಯುತ್ತಿತ್ತು. ವಯಸ್ಸಿನಲ್ಲಿದ್ದಾಗ ಕುರಿ ಮಾರಿ ಬರುವಾಗ ಕವಿತಾಳದ ದಾರಿಯಲ್ಲಿ ಮೋಟರ್ ಸೈಕಲ್ ಬಿದ್ದಿತ್ತು. ಓಡಿಸುತ್ತಿದ್ದವನು ಬೂದೆಪ್ಪ, ಹಿಂದೆ ಕೂತವನು ಗುರುಸಿದ್ದ. ಇಬ್ಬರಿಗೂ ಬಲಗಾಲಿಗೇ ಪೆಟ್ಟು, ಇಬ್ಬರ ಕಾಲಿಗೂ ಪಟ್ಟಿ ಕಟ್ಟಿದ್ದರು. ಆಮೇಲೆ ಇಬ್ಬರ ಮೊಣಕಾಲೂ ಬಗ್ಗಿದ್ದನ್ನು ಊರು ಕಾಣಲಿಲ್ಲ. ಮದುವೆ ಊಟದಲ್ಲಿ ಎಲ್ಲರೂ ಪಂಕ್ತಿಗೆ ಕೂತರೆ ಇವರಿಬ್ಬರೂ ಗೋಡೆಗೆ ಒರಗಿ ತಾಟು ಹಿಡಿದು ನಿಂತಿರುತ್ತಿದ್ದರು. "ಕಂಬಕ್ಕೆರಡು ಹೋಳಿಗಿ ಹಾಕ್ರೆಪ್ಪಾ!" ಎಂದು ಬಡಿಸುವವರು ಕಾಡುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಗುರುಸಿದ್ದ.

ಭಾಗ್ಯ ಕಾಲೇಜಿನಲ್ಲಿ ಬಯೋಮೆಕ್ಯಾನಿಕ್ಸ್ ಓದುವಾಗ ಇಬ್ಬರನ್ನೂ ರಾಯಚೂರಿಗೆ ಕರೆಸಿದ್ದಳು. ಎಲುಬು, ಕೀಲು, ಸ್ನಾಯು ಕೂಡಿ ಮನುಷ್ಯನನ್ನು ಹೇಗೆ ನಡೆಸುತ್ತವೆ ಅನ್ನುವ ಓದು ಅದು. "ನಡಿಯಾಕ ಕಲಸೂ ಸಾಲಿಗೆ ಇಷ್ಟು ಫೀಜಾ?" ಎಂದು ಬೂದೆಪ್ಪ ತಮಾಷೆ ಮಾಡಿದ್ದ. ಸೊಂಟ, ಮೊಣಕಾಲು, ಕಣಕಾಲಿಗೆ ಬಿಳಿ ಚುಕ್ಕೆ ಅಂಟಿಸಿ ಇಬ್ಬರನ್ನೂ ಕ್ಯಾಮೆರಾ ಮುಂದೆ ನಡೆಸಿದರು. ಮೊಣಕಾಲು ಎಷ್ಟು ಬಗ್ಗುತ್ತದೆ ಎಂದು ಕಂಪ್ಯೂಟರಿನ ಮೇಲೆ ತೋರಿಸುವ ಗೆರೆ ಇಬ್ಬರದೂ ಚಪ್ಪಟೆ. ಆದರೆ ಗುರುಸಿದ್ದ ಚಹಾ ಕುಡಿಯಲು ಹೊರಗೆ ಹೋದ ಮೇಲೆ ಬೂದೆಪ್ಪ ನೆಲದ ಮೇಲಿದ್ದ ವೈರು ದಾಟಿದ. ಕ್ಯಾಮೆರಾ ಇನ್ನೂ ಓಡುತ್ತಿತ್ತು. ಗೆರೆ ಗುಡ್ಡದಂತೆ ಮೇಲೆದ್ದು ಇಳಿಯಿತು.

ಅವಳಿಗೆ ಪಾಠ ಹೇಳುತ್ತಿದ್ದ ಮುಷರ್ರಫ್ ಸರ್ ಟೇಪು ಹಿಡಿದು ತೊಡೆ ಅಳೆದರು. "ಭಾಗ್ಯಾ, ನಿಮ್ಮ ಕಾಕಾನ ತೊಡಿ ಸೊರಗ್ಯದ. ಅಪ್ಪಂದು ನೋಡ್ರಿ, ಎರಡೂ ಬರೋಬ್ಬರಿ. ಬಳಸದ ಕಾಲು ಹಿಂಗ ಇರಂಗಿಲ್ಲ," ಎಂದು ಮೆಲ್ಲಗೆ ಅಂದರು.

ಗುರುಸಿದ್ದ ಒಳಗೆ ಬಂದಾಗ ಅವರು ಆಪರೇಷನ್ ಮಾತು ತೆಗೆದರು. ಮಾಡಿಸಿದರೆ ಅವನ ಕಾಲು ಪೂರ್ತಿಯಲ್ಲದಿದ್ದರೂ ಕೂರುವಷ್ಟು ಬಗ್ಗಬಹುದಿತ್ತು.

"ಅಣ್ಣ ಮಾಡಿಸಿಕೊಂಡ್ರ ನಾನೂ ಮಾಡಿಸ್ಕೊಂತೀನಿ. ಏನಣ್ಣಾ?"

ಬೂದೆಪ್ಪ ಕಿಟಕಿಯ ಕಡೆ ನೋಡಿದ. "ಈ ವಯಸ್ಸಿನ್ಯಾಗ ಯಾಕಲೇ ಕೊಯ್ಯಿಸ್ಕೊಳ್ಳೂದು," ಅಂದ.

"ಹಂಗಾರ ನನಗೂ ಬ್ಯಾಡ. ಜೋಡಿ ಯಾಕ ಒಡೀಬೇಕು!" ಎಂದು ಗುರುಸಿದ್ದ ಖುಷಿಯಿಂದಲೇ ಹೇಳಿದ.

ಬಸ್ ಸ್ಟ್ಯಾಂಡಿನಲ್ಲಿ ಕಾಕಾ ಟಿಕೀಟು ವಿಚಾರಿಸಲು ಹೋದಾಗ ಭಾಗ್ಯ ಅಪ್ಪನನ್ನು ಹಿಡಿದು ನಿಲ್ಲಿಸಿ ಕೇಳಿದ್ದಳು. ತಮ್ಮ ಹೋದ ಕಡೆ ಒಮ್ಮೆ ನೋಡಿ ಬೂದೆಪ್ಪ ಬಾಯಿಬಿಟ್ಟ.

"ಪಟ್ಟಿ ತಗದ ಮ್ಯಾಲ ಅವಂದು ಬಗ್ಗಲಿಲ್ಲ. 'ಅಣ್ಣಾ, ನಿಂದೂ ಹಿಂಗೇ ಅದ ಹೌದಿಲ್ಲೋ' ಅಂತ ಕೇಳಿದ. ಅವನ ಮಾರಿ ನೋಡಿ ಹೌದು ಅಂದೆ. ಗಾಡಿ ಹೊಡೆದಾಂವ ನಾನು. ಬೀಳಿಸಿದಾಂವ ನಾನು. ನಾಳೆ ಹೇಳಿದ್ರಾತು ಅಂದ್ಕೊಂಡೆ. ಆ ನಾಳೆ ಬರಲೇ ಇಲ್ಲ."

"ಈಗರ ಹೇಳು ಯಪ್ಪಾ. ಕಾಕಾ ಆಪರೇಷನ್ ಮಾಡಿಸ್ಕೊಂತಾನ."

"ಹೇಳಬೇಕಂತ ಅವನ ಮುಂದ ಬಗ್ಗಿಸಾಕ ಹೋಗೀನವ್ವ. ಖರೇ ಹೇಳ್ತೀನಿ, ಅವನು ಎದುರಿಗಿದ್ರ ಬಗ್ಗವಲ್ದು."

* * *

ಕವಿತಾಳದ ಅತ್ತೆ ಬಂದು ಅತ್ತು ಮುಗಿಸುವ ಮೊದಲೇ ವಿರೂಪಣ್ಣನ ತಾಳ್ಮೆ ಮುಗಿಯಿತು. "ನಾ ಒಂದು ಸಲ ಹಗೂರ್ಕ ನೋಡ್ತೀನಿ. ಬಗ್ಗದಿದ್ರ ಬಿಡ್ತೀನಿ," ಎಂದು ತೋಳು ಏರಿಸಿದ.

"ಯಾರ ಕೈಯೂ ಬ್ಯಾಡ. ನಾನೇ ತೋರಸ್ತೀನಿ ತಡಿ," ಎಂದು ಗುರುಸಿದ್ದ ಸೆಟೆದ ಕಾಲನ್ನು ಬದಿಗೆ ಚಾಚಿ ಕಷ್ಟಪಟ್ಟು ಕುಸಿದು ಕೂತ.

"ಕಾಕಾ, ಬ್ಯಾಡ," ಅಂದಳು ಭಾಗ್ಯ.

ಗುರುಸಿದ್ದ ಅಣ್ಣನ ಮೊಣಕಾಲಿನ ಕೆಳಗೆ ಅಂಗೈ ಕೊಟ್ಟು ಮೆಲ್ಲಗೆ ಎತ್ತಿದ. ಕಾಲು ಬಗ್ಗಿತು. ಮಲಗಿದ ಕೂಸಿನ ಕಾಲು ಬಗ್ಗುವಷ್ಟು ಸಲೀಸಾಗಿ ಬಗ್ಗಿ, ಹಿಮ್ಮಡಿ ತೊಡೆಯ ಹತ್ತಿರ ಬಂತು.

ಯಾರೋ "ಶಿವಾ" ಅಂದರು. ಗುರುಸಿದ್ದ ಕಾಲನ್ನು ಚಾಚಿ, ಇನ್ನೊಮ್ಮೆ ಬಗ್ಗಿಸಿದ. ಮತ್ತೆ ಚಾಚಿದ, ಮತ್ತೆ ಬಗ್ಗಿಸಿದ. ನೋಡಲಾಗದೆ ಹೆಂಗಸರು ಮುಖ ತಿರುಗಿಸಿದರು.

"ಇದು ಸತ್ತ ಮ್ಯಾಲ ಬಗ್ಗಿದ್ದಾ?" ಎಂದು ಭಾಗ್ಯಳನ್ನು ಕೇಳಿದ.

ಹೂಂ ಅಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಅವಳು ಅವ್ವನ ಕಡೆ ನೋಡಿದಳು. ಅಯ್ಯಮ್ಮನೇ ಹೇಳಿದಳು: "ನಿದ್ದಿಗಣ್ಣಾಗ ದಿನಾ ಬಗ್ಗತಿತ್ತು ಸಿದ್ದಾ. ಹೊರಗ ನಿನ್ನ ಹೆಜ್ಜಿ ಸಪ್ಪಳ ಕೇಳಿದ ಕೂಡ್ಲೆ, ನಿದ್ದ್ಯಾಗಿದ್ರೂ ಸೆಟೀತಿತ್ತು."

"ನಾನೂ ಕುಂತು ಉಣ್ಣಬಹುದಿತ್ತಲ್ಲೋ ಯಣ್ಣಾ!" ಗುರುಸಿದ್ದ ಹೆಣದ ಭುಜ ಹಿಡಿದು ಅಲ್ಲಾಡಿಸಿದ. "ನಿನ್ನ ಸಲುವಾಗಿ ಬ್ಯಾಡ ಅಂದೆನಲ್ಲೋ! ಒಬ್ಬನೇ ನಿಂದ್ರತಿ ಅಂತ ಬ್ಯಾಡ ಅಂದೆನಲ್ಲೋ!"

ವಿರೂಪಣ್ಣ ಅವನ ಕೈ ಬಿಡಿಸಿದ. ಬೂದೆಪ್ಪನನ್ನು ಚಕ್ಕಳಮಕ್ಕಳ ಹಾಕಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಗೋಡೆಗೆ ಕೂಡಿಸಿದರು. ಎಲ್ಲರ ನಡುವೆ ನೆಲದ ಮೇಲೆ ಕೂತ ಬೂದೆಪ್ಪನನ್ನು ಊರು ನೋಡಿದ್ದು ಅವತ್ತೇ. ಭಜನೆಯವರೂ ಸುತ್ತ ಕೂತರು. ಗುರುಸಿದ್ದ ಗೋಡೆಗೆ ಒರಗಿ ಒಬ್ಬನೇ ನಿಂತಿದ್ದ.

* * *

ಇಳಿಹೊತ್ತಿಗೆ ಹೊಲದಲ್ಲಿ ಕುಣಿ ತೋಡಿ ಆಗಿತ್ತು. ಬೂದೆಪ್ಪನನ್ನು ಕುಣಿಯ ಅಂಚಿನಲ್ಲಿ ಇಳಿಸಿ, ಕೊನೆಯ ಸಲ ಮುಖ ನೋಡಲು ಎಲ್ಲರನ್ನೂ ಕರೆದರು. ಗುರುಸಿದ್ದ ಮುಖ ನೋಡಲಿಲ್ಲ. ನೇರವಾಗಿ ಅಣ್ಣನ ಬಲ ಮೊಣಕಾಲಿಗೆ ಕೈ ಹಾಕಿ ಚಾಚಲು ಎಳೆದ.

ಕಾಲು ಕದಲಲಿಲ್ಲ.

"ಚಾಚಣ್ಣಾ. ಸಿಟ್ಟಿಲ್ಲ ನನಗ. ಮದಲಿನಂಗ ಚಾಚು," ಎಂದು ಎರಡೂ ಕೈಯಿಂದ ಒತ್ತಿದ. ಅವನ ಹಣೆಯ ಬೆವರು ಅಣ್ಣನ ತೊಡೆಯ ಮೇಲೆ ಬಿತ್ತು.

ಭಾಗ್ಯ ಅವನ ಕೈಮೇಲೆ ಕೈ ಇಟ್ಟಳು. "ಕಾಕಾ, ಇನ್ನ ಬರಂಗಿಲ್ಲ. ಬಿಗದುಬಿಟ್ಟದ."

"ಈಗಾ?"

"ಹೂಂ. ಈಗ."

ಬೂದೆಪ್ಪನನ್ನು ಕೂತ ಹಾಗೇ ಕುಣಿಗೆ ಇಳಿಸಿದರು. ಗುರುಸಿದ್ದ ಅಂಚಿನಲ್ಲಿ ಕುಸಿದು ಕೂತ. ಬಗ್ಗದ ಅವನ ಕಾಲು ಅಣ್ಣನ ತಲೆಯ ಮೇಲೆ ಕುಣಿಗೆ ಅಡ್ಡವಾಗಿ ಚಾಚಿಕೊಂಡಿತು. ಕಾಲು ಸರಿಸು ಎಂದು ಅವನಿಗೆ ಯಾರೂ ಹೇಳಲಿಲ್ಲ. ಸಲಿಕೆ ಹಿಡಿದವರು ಆ ಕಾಲನ್ನು ತಪ್ಪಿಸಿ, ಅತ್ತ ಇತ್ತ ನಿಂತು ಮಣ್ಣು ಎಳೆಯತೊಡಗಿದರು.